ಕಾಡಿನ ಉಸಿರಿಗೆ ಲೆಕ್ಕ ಇಡುವುದು ಹೇಗೆ?

(ನಮ್ಮ ಬಳಗವು ಗ್ರಾಮಸ್ಥರಿಗಾಗಿ ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಅರಣ್ಯ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು ಇಂಗಾಲವನ್ನು ಹೀರುತ್ತದೆ, ಕಾಡು ನೀರನ್ನು ಕಾಯುತ್ತದೆ. ಈ ಎರಡು ಮಾತುಗಳನ್ನು ನಾವು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಆಡಿದ್ದೇವೆ, ಕೇಳಿದ್ದೇವೆ. ಎರಡೂ ನಿಜವೇ. ಆದರೆ ಯಾವ ಕಾಡು, ಯಾವ ತಿಂಗಳಿನಲ್ಲಿ, ಎಷ್ಟು ಇಂಗಾಲವನ್ನು ಹೀರಿತು? ಅದಕ್ಕಾಗಿ ಎಷ್ಟು ನೀರನ್ನು ಆವಿಯಾಗಿಸಿ ಆಕಾಶಕ್ಕೆ ಕೊಟ್ಟಿತು? ಹೀಗೆ ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುತೇಕರು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗುವುದರಿಂದ ಆಗುವ ನಷ್ಟವೇನು ಎಂಬುದನ್ನು ಮೊದಲಿಗೆ ಹೇಳಿಬಿಡುತ್ತೇನೆ.

ಕಾಡಿಗೆ ಇಂದು ಕಾಗದದ ಮೇಲೆ ಬೆಲೆ ಕಟ್ಟಲಾಗುತ್ತಿದೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಪ್ರಕಾರ, ಒಂದು ಕಡೆ ಯೋಜನೆಗಾಗಿ ಕಳೆದುಹೋದ ಕಾಡಿಗೆ ಬದಲಾಗಿ ಪಡೆದ ಹಣದಿಂದ ಇನ್ನೊಂದು ಕಡೆ ಗಿಡ ಬೆಳೆಸಬಹುದು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹಸಿರು ಕ್ರೆಡಿಟ್ ನಿಯಮಗಳನ್ನು ಹೊರಡಿಸಿತು. 2024ರ ಫೆಬ್ರವರಿಯ ವಿಧಾನದಲ್ಲಿ ನೆಟ್ಟ ಮರಕ್ಕೊಂದು ಕ್ರೆಡಿಟ್ ಎಂಬ ಲೆಕ್ಕವಿತ್ತು. ಟೀಕೆಗಳ ನಂತರ 2025ರಲ್ಲಿ ಅದನ್ನು ಬದಲಿಸಿ, ಐದು ವರ್ಷ ಬದುಕುಳಿದ ಮರಗಳಿಗೂ ಅವು ಕೊಡುವ ನೆರಳಿನ ದಟ್ಟಣೆಗೂ ಮಹತ್ವ ಕೊಡಲಾಯಿತು. ಇದು ಸುಧಾರಣೆಯೇ ಸರಿ. ಆದರೂ ಎಣಿಕೆಗೆ ಸಿಗುವುದು ಮರ ಮತ್ತು ನೆರಳು ಮಾತ್ರ. ಆ ನೆಲಕ್ಕೂ ಆಕಾಶಕ್ಕೂ ನಡುವೆ ಹಗಲಿರುಳು ನಡೆಯುವ ಕೊಡುಕೊಳ್ಳುವಿಕೆ ಎಣಿಕೆಯ ಹೊರಗೇ ಉಳಿಯುತ್ತದೆ. ನಮ್ಮ ಕಾನಿನ ಹಳೆಯ ಮರಗಳಿಗೂ ದಿಬ್ಬದ ಮೇಲಿನ ಅಕೇಶಿಯಾ ನೆಡುತೋಪಿಗೂ ಒಂದೇ ತಕ್ಕಡಿ ಹಿಡಿದರೆ ಸೋಲುವುದು ಕಾನು. ಅದರ ಜೊತೆಗೆ ಕೆಳಗಿನ ಕೆರೆ, ತೋಟ, ಗದ್ದೆ. ಆದ್ದರಿಂದ ಸರಿಯಾದ ತಕ್ಕಡಿ ಯಾವುದು ಎಂದು ತಿಳಿಯುವುದು ನಮ್ಮ ಬದುಕಿನ ಪ್ರಶ್ನೆಯಾಗಿದೆ.

ಕಾಡಿನ ಜಮಾ-ಖರ್ಚು

ಎಲೆಯ ಅಡಿಭಾಗದಲ್ಲಿ ಬರಿಗಣ್ಣಿಗೆ ಕಾಣದ ಸಾವಿರಾರು ಪತ್ರರಂಧ್ರಗಳಿವೆ. ಬಿಸಿಲಿನಲ್ಲಿ ಅವು ತೆರೆದುಕೊಂಡಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ. ಅದೇ ಬಾಗಿಲಿನಿಂದ ಎಲೆಯೊಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಒಳಗೆ ತರಲು ಸಸ್ಯವು ನೀರಿನ ನೂರಾರು ಅಣುಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಹಾಗಾಗಿ ಇಂಗಾಲದ ಖಾತೆಯನ್ನೂ ನೀರಿನ ಖಾತೆಯನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವ ಲೆಕ್ಕ ಅರ್ಧ ಲೆಕ್ಕ.

ಇದು ಜಮಾ ಪುಟ. ಖರ್ಚಿನ ಪುಟವೂ ಅಷ್ಟೇ ದೊಡ್ಡದು. ಮರದ ಕಾಂಡ, ಬೇರು, ಎಲೆ ಎಲ್ಲವೂ ಉಸಿರಾಡುತ್ತವೆ. ನೆಲಕ್ಕೆ ಬಿದ್ದ ಎಲೆ, ಟೊಂಗೆಗಳನ್ನು ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ತಿಂದು ಇಂಗಾಲವನ್ನು ಮತ್ತೆ ಗಾಳಿಗೆ ಬಿಡುತ್ತವೆ. ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಲ್ಲಿ ಮೊಣಕಾಲೆತ್ತರ ಬಿದ್ದಿದ್ದ ದರಕು ದೀಪಾವಳಿಯ ಹೊತ್ತಿಗೆ ಕರಗಿ ಕಪ್ಪು ಮಣ್ಣಾಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಸ್ವಲ್ಪ ಭಾಗ ಮಣ್ಣಿಗೆ ಸೇರಿತು. ಬಹುಭಾಗ ಗಾಳಿಯ ಪಾಲಾಯಿತು.

ಇಡೀ ಭೂಮಿಯ ಸಸ್ಯರಾಶಿ ವರ್ಷಕ್ಕೆ ಸುಮಾರು 120 ಶತಕೋಟಿ ಟನ್ ಅಥವಾ ಅದಕ್ಕೂ ಹೆಚ್ಚು ಇಂಗಾಲವನ್ನು ದ್ಯುತಿಸಂಶ್ಲೇಷಣೆಯಿಂದ ಒಳಗೆಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಅಷ್ಟೇ ಇಂಗಾಲ ಉಸಿರಾಟ, ಕೊಳೆಯುವಿಕೆ ಮತ್ತು ಬೆಂಕಿಯಿಂದ ಹಿಂದಿರುಗುತ್ತದೆ. ಮನುಷ್ಯರು ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿ ಬಿಡುವ ಇಂಗಾಲ ವರ್ಷಕ್ಕೆ ಸುಮಾರು 10 ಶತಕೋಟಿ ಟನ್. ನಾವು ಹೊರಬಿಡುವ ಇಂಗಾಲದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲಿನಷ್ಟನ್ನು ನೆಲದ ಮೇಲಿನ ಜೀವರಾಶಿ ಹಿಡಿದಿಟ್ಟುಕೊಳ್ಳುತ್ತಿದೆ. ಎರಡು ದೊಡ್ಡ ಮೊತ್ತಗಳ ನಡುವಿನ ಒಂದು ಸಣ್ಣ ಉಳಿತಾಯವೇ ಈ ಹಿಡಿತ. ಲಕ್ಷಗಟ್ಟಲೆ ವಹಿವಾಟು ನಡೆಸುವ ಅಂಗಡಿಗೆ ವರ್ಷದ ಕೊನೆಯಲ್ಲಿ ಕೆಲವೇ ಸಾವಿರ ಲಾಭ ಉಳಿದಂತೆ. ಖರ್ಚು ತುಸು ಹೆಚ್ಚಿದರೂ ಲಾಭ ನಷ್ಟಕ್ಕೆ ತಿರುಗುತ್ತದೆ. ಮರಗಳನ್ನಷ್ಟೇ ಎಣಿಸಿದವರಿಗೆ ಈ ಖರ್ಚಿನ ಪುಟ ಕಾಣಿಸುವುದೇ ಇಲ್ಲ.

ಗಾಳಿಯ ಸುಳಿಯಲ್ಲಿ ಅಡಗಿದ ಲೆಕ್ಕ

ಹಾಗಾದರೆ ಇಡೀ ಕಾಡಿನ ಉಸಿರನ್ನು ಅಳೆಯುವುದು ಹೇಗೆ? ಒಂದು ಎಲೆಯನ್ನು ಗಾಜಿನ ಡಬ್ಬಿಯಲ್ಲಿಟ್ಟು ಅಳೆಯಬಹುದು. ಮಣ್ಣಿನ ಮೇಲೆ ಡಬ್ಬಿ ಕವುಚಿ ಅಳೆಯಬಹುದು. ಆದರೆ ಕಾಡಿಗೇ ಡಬ್ಬಿ ಕವುಚಲಾಗದು. ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ದಾರಿಗೆ ಎಡ್ಡಿ ಕೋವೇರಿಯನ್ಸ್ ಎಂದು ಹೆಸರು. ನಾವು ಇದನ್ನು ಸುಳಿಗಾಳಿಯ ಲೆಕ್ಕ ಎಂದು ಕರೆಯಬಹುದು.

ಕಾಡಿನ ಮೇಲೆ ಬೀಸುವ ಗಾಳಿ ನೇರವಾಗಿ ಹರಿಯುವುದಿಲ್ಲ. ಹಳ್ಳದ ನೀರು ಬಂಡೆಗೆ ತಾಗಿ ಸುಳಿಯಾಗುವಂತೆ, ಗಾಳಿಯೂ ಮರಗಳ ತಲೆಗೆ ತಾಗಿ ಸಣ್ಣ ದೊಡ್ಡ ಸುಳಿಗಳಾಗುತ್ತದೆ. ಪ್ರತಿಯೊಂದು ಸುಳಿಯಲ್ಲಿಯೂ ಒಂದಷ್ಟು ಗಾಳಿ ಕೆಳಗಿಳಿಯುತ್ತದೆ, ಒಂದಷ್ಟು ಮೇಲೇರುತ್ತದೆ. ಬಿಸಿಲಿನ ಹೊತ್ತಿನಲ್ಲಿ ಕೆಳಗಿಳಿಯುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚಿರುತ್ತದೆ. ಎಲೆಗಳನ್ನು ಸವರಿ ಮೇಲೇರುವ ಗಾಳಿಯಲ್ಲಿ ತುಸು ಕಡಿಮೆಯಿರುತ್ತದೆ. ನೀರಾವಿಯದು ಇದಕ್ಕೆ ವಿರುದ್ಧ. ರಾತ್ರಿಯಾದಾಗ ಇಂಗಾಲದ ದಿಕ್ಕು ತಿರುಗುತ್ತದೆ. ಜಾತ್ರೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರ ಕೈಯಲ್ಲಿ ಏನಿದೆ, ಹೊರಗೆ ಬರುವವರ ಕೈಯಲ್ಲಿ ಏನಿದೆ ಎಂದು ನೋಡುತ್ತ ಹೋದರೆ ಒಳಗಿನ ವ್ಯಾಪಾರ ಎಷ್ಟಾಯಿತೆಂದು ಹೇಳಬಹುದಲ್ಲವೇ? ಇದೂ ಹಾಗೆಯೇ.

ಮರಗಳ ತಲೆಗಿಂತ ಎತ್ತರದ ಗೋಪುರವೊಂದನ್ನು ನಿಲ್ಲಿಸಿ, ಅದರ ಮೇಲೆ ಎರಡು ಉಪಕರಣಗಳನ್ನಿಡುತ್ತಾರೆ. ಒಂದು, ಶಬ್ದತರಂಗಗಳ ನೆರವಿನಿಂದ ಗಾಳಿಯ ಏರಿಳಿತದ ವೇಗವನ್ನು ಅಳೆಯುತ್ತದೆ. ಇನ್ನೊಂದು, ಅವಕೆಂಪು ಕಿರಣಗಳನ್ನು ಹಾಯಿಸಿ ಅದೇ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯನ್ನು ಅಳೆಯುತ್ತದೆ. ಸೆಕೆಂಡಿಗೆ ಹತ್ತು ಅಥವಾ ಇಪ್ಪತ್ತು ಸಲ ಈ ಅಳತೆ ನಡೆಯುತ್ತದೆ. ಹತ್ತು ಸಲ ಎಂದರೂ ಅರ್ಧ ಗಂಟೆಗೆ 18,000 ಅಳತೆಗಳಾದವು. ಗಾಳಿಯ ಏರಿಳಿತವೂ ಇಂಗಾಲದ ಹೆಚ್ಚುಕಡಿಮೆಯೂ ಹೇಗೆ ಕೂಡಿ ಬದಲಾಗುತ್ತವೆ ಎಂಬುದನ್ನು ಗುಣಿಸಿ ಸರಾಸರಿ ತೆಗೆದರೆ, ಆ ಅರ್ಧ ಗಂಟೆಯಲ್ಲಿ ಕಾಡು ಪಡೆದದ್ದೆಷ್ಟು, ಕೊಟ್ಟದ್ದೆಷ್ಟು ಎಂಬ ನಿವ್ವಳ ಲೆಕ್ಕ ಸಿಗುತ್ತದೆ. ಅರ್ಧ ಗಂಟೆಗಳು ಕೂಡಿ ದಿನ, ದಿನಗಳು ಕೂಡಿ ವರ್ಷ. ಗಾಳಿ ಬರುವ ದಿಕ್ಕಿನಲ್ಲಿ ನೂರಾರು ಮೀಟರ್‌ಗಳವರೆಗಿನ ಕಾಡಿನ ಉಸಿರು ಹೀಗೆ ಪುಸ್ತಕಕ್ಕೇರುತ್ತದೆ. ಒಂದು ಎಲೆಯನ್ನೂ ಕೀಳಬೇಕಾಗಿಲ್ಲ.

ಈ ವಿಧಾನದ ಬೀಜ ಹಳೆಯದು. ಆಸ್ಟ್ರೇಲಿಯದಲ್ಲಿ ಕೆಲಸ ಮಾಡುತ್ತಿದ್ದ ಸ್ವಿನ್‌ಬ್ಯಾಂಕ್ ಎಂಬ ವಿಜ್ಞಾನಿ, ಗಾಳಿಯ ಸುಳಿಗಳು ಶಾಖವನ್ನೂ ನೀರಾವಿಯನ್ನೂ ಹೊತ್ತೊಯ್ಯುವುದನ್ನು ಅಳೆದು 1951ರಲ್ಲಿ ಪ್ರಕಟಿಸಿದರು. ಆದರೆ ಸೆಕೆಂಡಿಗೆ ಹತ್ತು ಸಲ ಅಳೆಯುವ ಚುರುಕು ಉಪಕರಣಗಳೂ ಅಷ್ಟು ಅಂಕಿಗಳನ್ನು ಅರಗಿಸಿಕೊಳ್ಳುವ ಗಣಕಗಳೂ ಬರುವವರೆಗೆ ವರ್ಷಪೂರ್ತಿ ಅಳೆಯುವುದು ಸಾಧ್ಯವಾಗಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಅರಣ್ಯದಲ್ಲಿ ಅದು ಸಾಧ್ಯವಾಯಿತು. 1997ರಲ್ಲಿ ಜಗತ್ತಿನ ಇಂಥ ಗೋಪುರಗಳನ್ನು ಬೆಸೆಯುವ ಫ್ಲಕ್ಸ್‌ನೆಟ್ ಎಂಬ ಜಾಲ ಹುಟ್ಟಿಕೊಂಡಿತು. ಫ್ಲಕ್ಸ್‌ನೆಟ್ 2015 ಎಂಬ ಹೆಸರಿನ ಅಂಕಿಅಂಶ ಸಂಗ್ರಹದಲ್ಲಿ 212 ತಾಣಗಳ ಅಳತೆಗಳು ಎಲ್ಲರಿಗೂ ಸಿಗುವಂತೆ ತೆರೆದಿವೆ.

ಗೋಪುರಗಳು ಕಲಿಸಿದ ಪಾಠಗಳು

ಈ ಅಳತೆಗಳಿಂದ ತಿಳಿದ ಮೂರು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಮೂರೂ ನಮ್ಮ ಬೆಟ್ಟಕ್ಕೆ ಸಂಬಂಧಪಟ್ಟವೇ.

ಮೊದಲನೆಯದು ಹಾರ್ವರ್ಡ್ ಅರಣ್ಯದ್ದು. ಒಂದು ಕಾಲದಲ್ಲಿ ಕಡಿದು ಹೊಲ ಮಾಡಿದ್ದ, ಆಮೇಲೆ ರೈತರು ಬಿಟ್ಟುಹೋದ ನೆಲದಲ್ಲಿ ತಾನಾಗಿ ಬೆಳೆದ ಕಾಡು ಅದು. 1992ರಿಂದ 2004ರವರೆಗಿನ ಅಳತೆಯಂತೆ ಅದು ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ ಎರಡೂವರೆ ಟನ್ ಇಂಗಾಲವನ್ನು ಉಳಿಸಿಕೊಂಡಿತು. ಆದರೆ ಈ ಉಳಿತಾಯ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರಲಿಲ್ಲ. ಒಂದೆರಡು ವರ್ಷದ ಅಳತೆ ನೋಡಿ ಕಾಡಿಗೆ ಬೆಲೆ ಕಟ್ಟುವುದು ಸರಿಯಲ್ಲವೆಂದು ಅದು ತಿಳಿಸಿತು. ಯಾರೂ ನೆಡದೆ, ಕಾಯ್ದಿಟ್ಟರೆ ಸಾಕು, ಕಾಡು ತಾನೇ ಬೆಳೆದು ಇಂಗಾಲವನ್ನು ಸೇರಿಸಬಲ್ಲದೆಂಬುದನ್ನೂ ತಿಳಿಸಿತು.

ಎರಡನೆಯದು ಬ್ರೆಜಿಲ್ ದೇಶದ ಅಮೆಜಾನ್ ಕಾಡಿನ ತಪಜೋಸ್ ಎಂಬ ಭಾಗದ್ದು. ಮಳೆಗಾಲದಲ್ಲಿ ಕಾಡು ಇಂಗಾಲವನ್ನು ಗಳಿಸುತ್ತದೆ, ಬೇಸಿಗೆಯಲ್ಲಿ ಕಳೆದುಕೊಳ್ಳುತ್ತದೆ ಎಂದು ಗಣಕದ ಮಾದರಿಗಳು ಹೇಳಿದ್ದವು. 2003ರಲ್ಲಿ ಪ್ರಕಟವಾದ ಗೋಪುರದ ಅಳತೆ ಇದಕ್ಕೆ ತದ್ವಿರುದ್ಧವಾಗಿತ್ತು. ಆಳಕ್ಕಿಳಿದ ಬೇರುಗಳಿಂದ ನೀರೆಳೆದುಕೊಂಡು ಮರಗಳು ಒಣ ತಿಂಗಳುಗಳಲ್ಲಿಯೂ ಕೆಲಸ ಮಾಡುತ್ತಿದ್ದವು. ತರಗೆಲೆ ಒಣಗಿದ್ದರಿಂದ ಕೊಳೆಯುವಿಕೆ ತಗ್ಗಿತ್ತು. ಮಳೆಗಾಲದಲ್ಲಿ ನೆನೆದ ತರಗೆಲೆ, ಬಿದ್ದ ಮರಗಳು ಕೊಳೆತು ಇಂಗಾಲವನ್ನು ಹೊರಬಿಡುತ್ತಿದ್ದವು. ಕಾಡಿನ ಬೇರು ಎಷ್ಟು ಆಳಕ್ಕಿದೆ, ನೆಲದ ಮೇಲೆ ಏನು ಬಿದ್ದಿದೆ ಎಂಬುದು ಮರದ ಸಂಖ್ಯೆಯಷ್ಟೇ ಮುಖ್ಯವೆಂದು ಆಗ ತಿಳಿಯಿತು.

ಮೂರನೆಯದು 2003ರ ಬೇಸಿಗೆಯಲ್ಲಿ ಯುರೋಪನ್ನು ಕಾಡಿದ ಬಿಸಿಗಾಳಿ ಮತ್ತು ಬರ. ಆ ವರ್ಷ ಯುರೋಪಿನ ಸಸ್ಯರಾಶಿಯ ಒಟ್ಟು ಉತ್ಪಾದನೆ ಶೇ. 30ರಷ್ಟು ಕುಸಿಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಇಂಗಾಲವನ್ನು ಹಿಡಿದಿಡುತ್ತಿದ್ದ ನೆಲವೇ ಸುಮಾರು ಅರ್ಧ ಶತಕೋಟಿ ಟನ್ ಇಂಗಾಲವನ್ನು ಗಾಳಿಗೆ ಬಿಟ್ಟಿತು. ನಾಲ್ಕು ವರ್ಷ ಕೂಡಿಟ್ಟದ್ದು ಒಂದೇ ಬೇಸಿಗೆಯಲ್ಲಿ ಖರ್ಚಾಯಿತು. ಇವತ್ತು ನೆಟ್ಟ ಗಿಡದ ಮೇಲೆ ಮೂವತ್ತು ವರ್ಷದ ಇಂಗಾಲವನ್ನು ಮುಂಗಡವಾಗಿ ಮಾರಲು ಹೊರಟವರು ಈ ಬೇಸಿಗೆಯನ್ನು ನೆನಪಿಡಬೇಕು.

ನೀರಿನ ಖಾತೆ

ಈಗ ನೀರಿನ ವಿಚಾರಕ್ಕೆ ಬರೋಣ. ಒಂದು ಮಿಲಿಮೀಟರ್ ನೀರೆಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್. ಉಷ್ಣವಲಯದ ನಿತ್ಯಹರಿದ್ವರ್ಣ ಕಾಡು ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್ ನೀರನ್ನು ಆವಿಯಾಗಿ ಬಿಡುವುದನ್ನು ಅಮೆಜಾನಿನ ಗೋಪುರಗಳು ದಾಖಲಿಸಿವೆ. ಅಂದರೆ ಒಂದು ಎಕರೆ ಕಾಡು ದಿನವೂ ದೊಡ್ಡದೊಂದು ಟ್ಯಾಂಕರ್ ಲಾರಿಯಷ್ಟು ನೀರನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಜಗತ್ತಿನ ನೆಲದ ಮೇಲೆ ಬೀಳುವ ಮಳೆಯಲ್ಲಿ ಸುಮಾರು ಶೇ. 60ರಷ್ಟು ಹೀಗೆಯೇ ಆವಿಯಾಗಿ ಮೇಲೇರುತ್ತದೆ.

ಇದು ನಷ್ಟವೋ ಲಾಭವೋ? ಎರಡೂ ಹೌದು. ನಮ್ಮ ಕಾಡು ಆಕಾಶಕ್ಕೆ ಬಿಟ್ಟ ನೀರು ಎಲ್ಲಿಯೋ ಮಳೆಯಾಗುತ್ತದೆ. ಬಾಂಬೆ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೈಋತ್ಯ ಮುಂಗಾರಿನಲ್ಲಿ ತಮಿಳುನಾಡಿಗೆ ಬೀಳುವ ಮಳೆಯ ತೇವಾಂಶದಲ್ಲಿ ಶೇ. 40ರವರೆಗಿನ ಪಾಲು ಪಶ್ಚಿಮ ಘಟ್ಟದ ಕಾಡುಗಳದ್ದು. ಮುಂಗಾರು ಸೊರಗಿದ ವರ್ಷಗಳಲ್ಲಿ ಆ ಪಾಲು ಶೇ. 50ರವರೆಗೂ ಏರುತ್ತದೆ. ಈ ಸಸ್ಯರಾಶಿ ಇಲ್ಲವಾದರೆ ಅಲ್ಲಿನ ಮುಂಗಾರು ಮಳೆ ಕಾಲುಭಾಗದಷ್ಟು ಕುಸಿಯಬಹುದೆಂದು ಅವರ ಗಣಕಮಾದರಿ ಸೂಚಿಸಿತು. ಕಾವೇರಿಯ ನೀರಿಗಾಗಿ ಎರಡು ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸಿದವು. ಗಾಳಿಯಲ್ಲಿ ಹರಿದುಹೋಗುವ ಈ ಇನ್ನೊಂದು ನದಿಗೆ ಒಪ್ಪಂದವೂ ಇಲ್ಲ, ಜಗಳವೂ ಇಲ್ಲ.

ಮರ ಯಾವುದಾದರೇನು, ಎಲ್ಲೆಲ್ಲಿಯೂ ನೆಟ್ಟರೆ ನೀರು ಹೆಚ್ಚುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. 2005ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ, ಹುಲ್ಲುಗಾವಲು, ಕುರುಚಲು, ಹೊಲಗಳಲ್ಲಿ ನೆಡುತೋಪು ಬೆಳೆಸಿದ ಕಡೆಗಳ 500ಕ್ಕೂ ಹೆಚ್ಚು ವಾರ್ಷಿಕ ಅಳತೆಗಳನ್ನು ಒಟ್ಟುಗೂಡಿಸಿ ನೋಡಿತು. ಅಂಥಲ್ಲಿ ಹಳ್ಳಗಳ ಹರಿವು ಸರಾಸರಿ ಶೇ. 52ರಷ್ಟು ಇಳಿದಿತ್ತು. ಶೇ. 13ರಷ್ಟು ಹಳ್ಳಗಳು ಕನಿಷ್ಠ ಒಂದು ವರ್ಷವಾದರೂ ಪೂರ್ತಿ ಬತ್ತಿಹೋಗಿದ್ದವು. ಇಂಗಾಲದ ಪುಟದಲ್ಲಿ ಜಮಾ ಆಗುತ್ತಿದ್ದಾಗ ನೀರಿನ ಪುಟದಲ್ಲಿ ಸಾಲ ಬೆಳೆಯುತ್ತಿತ್ತು.

ನಮ್ಮ ಉತ್ತರ ಕನ್ನಡದಲ್ಲಿಯೇ ಜಗದೀಶ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ಸಹಜ ಕಾಡು, ಅಕೇಶಿಯಾ ನೆಡುತೋಪು, ಹಾಳುಬಿದ್ದ ಕಾಡು ಈ ಮೂರರ ಹಳ್ಳಗಳನ್ನು ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಅವರ ಬರಹದ ಸಾರ ಹೀಗಿದೆ: ಮರಗಳು ಕುಡಿಯುವ ನೀರು ಒಂದು ಕಡೆ, ಮರಗಳಿಂದಾಗಿ ನೆಲದೊಳಗೆ ಇಂಗುವ ನೀರು ಇನ್ನೊಂದು ಕಡೆ, ಯಾವುದು ಹೆಚ್ಚೆಂಬುದರ ಮೇಲೆ ಊರಿನ ನೀರು ನಿಂತಿದೆ. ನಮ್ಮ ಭಾರೀ ಮಳೆಯ ನಾಡಿನಲ್ಲಿ ಸಹಜ ಕಾಡಿನ ನೆಲ ಹೆಚ್ಚು ನೀರನ್ನು ಇಂಗಿಸಿ ಅಂತರ್ಜಲಕ್ಕೆ ಸೇರಿಸುತ್ತದೆ. ಹಾಳುಬಿದ್ದ ಕಾಡಿನ ಗಟ್ಟಿ ನೆಲದಿಂದ ಮಳೆನೀರು ಓಡಿಹೋಗುತ್ತದೆ. ಅಕೇಶಿಯಾ ಇವೆರಡರ ನಡುವೆ ನಿಲ್ಲುತ್ತದೆ. ಬೋಳು ದಿಬ್ಬಕ್ಕೆ ಹೋಲಿಸಿದರೆ ನೆಡುತೋಪು ಮೇಲಾಗಿರಬಹುದು; ಕಾನನ್ನು ಕಡಿದು ನೆಡುತೋಪು ಮಾಡಿದ್ದಕ್ಕೆ ಈ ವಿಜ್ಞಾನ ಸಾಕ್ಷಿ ಹೇಳುವುದಿಲ್ಲ. ಘಟ್ಟದ ನೆತ್ತಿಯ ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದು ಮರ ನೆಡುವುದಕ್ಕಂತೂ ಹೇಳುವುದೇ ಇಲ್ಲ.

ನಮ್ಮ ದೇಶದ ಗೋಪುರಗಳು, ನಮ್ಮ ಬೆಟ್ಟದ ತೊಡಕು

ಭಾರತದಲ್ಲಿಯೂ ಇಂಥ ಗೋಪುರಗಳಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಅಸ್ಸಾಮಿನ ಕಾಜಿರಂಗ ಕಾಡಿನಲ್ಲಿ, ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ಕಾಡಿನಲ್ಲಿ ಅಳತೆ ನಡೆಸಿದೆ. ಕಾಜಿರಂಗದಲ್ಲಿ ಮಳೆಗಾಲದ ದಟ್ಟ ಮೋಡ ಬಿಸಿಲನ್ನು ತಡೆಯುವುದರಿಂದ, ಆಗ ಹೀರುವ ಇಂಗಾಲ ಮುಂಗಾರಿಗೆ ಮುಂಚಿನ ತಿಂಗಳುಗಳಿಗಿಂತ ಕಡಿಮೆಯೆಂದು ಕಂಡುಬಂದಿದೆ. ಆಷಾಢದ ಕತ್ತಲೆಯನ್ನು ಬಲ್ಲ ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಭಾರತ-ಬ್ರಿಟನ್ ಜಂಟಿ ಮುಂಗಾರು ಅಧ್ಯಯನವಾದ ಇನ್‌ಕಂಪಾಸ್‌ನ ಅಂಗವಾಗಿ ಧಾರವಾಡದಲ್ಲಿಯೂ ಗುಂಡ್ಲುಪೇಟೆ ಸಮೀಪದ ಬೇರಂಬಾಡಿಯಲ್ಲಿಯೂ ಅಳತೆಗಳು ನಡೆದವು. ಇವೆರಡೂ ಬಯಲಿನ ಕೃಷಿಭೂಮಿಗಳು.

ಬೆಟ್ಟದ ಕಾಡಿನಲ್ಲಿ ಗೋಪುರ ನಿಲ್ಲಿಸುವುದಕ್ಕೆ ಒಂದು ದೊಡ್ಡ ತೊಡಕಿದೆ. ಗಾಳಿ ಮೇಲೆ-ಕೆಳಗೆ ಮಾತ್ರ ಸಾಗಿಸುತ್ತದೆ, ಪಕ್ಕಕ್ಕೆ ಸೋರುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಸಮತಟ್ಟಾದ ನೆಲದಲ್ಲಿ ಇದು ಬಹುಮಟ್ಟಿಗೆ ಸರಿ. ಇಳಿಜಾರಿನಲ್ಲಿ ಹಾಗಾಗುವುದಿಲ್ಲ. ಚಳಿಗಾಲದ ರಾತ್ರಿಯಲ್ಲಿ ಬೆಟ್ಟದ ತಂಪು ಗಾಳಿ ಹಳ್ಳದ ಗುಂಟ ಇಳಿದು ಕಣಿವೆಯ ಗದ್ದೆಯಲ್ಲಿ ಮಡುಗಟ್ಟುವುದನ್ನು, ಬೆಳಿಗ್ಗೆ ಮಂಜು ಅಲ್ಲಿಯೇ ಕುಳಿತಿರುವುದನ್ನು ನೀವು ಬಲ್ಲಿರಿ. ಕಾಡು ರಾತ್ರಿಯೆಲ್ಲ ಬಿಟ್ಟ ಇಂಗಾಲದ ಡೈಆಕ್ಸೈಡ್ ಆ ಗಾಳಿಯೊಡನೆ ಕೆಳಗೆ ಹರಿದುಹೋಗುತ್ತದೆ. ಮೇಲಿನ ಉಪಕರಣದ ಕಣ್ಣಿಗೆ ಬೀಳುವುದೇ ಇಲ್ಲ. ಹಗಲಿನ ಜಮಾ ಬರೆದು ರಾತ್ರಿಯ ಖರ್ಚನ್ನು ಬಿಟ್ಟ ಲೆಕ್ಕದಲ್ಲಿ ಕಾಡಿನ ಉಳಿತಾಯ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಗಾಳಿ ಸ್ತಬ್ಧವಾದ ರಾತ್ರಿಗಳ ಅಳತೆಗಳನ್ನು ಬದಿಗಿಟ್ಟು ಬೇರೆ ರೀತಿಯಲ್ಲಿ ಅಂದಾಜಿಸುವುದು ಇದಕ್ಕೆ ವಿಜ್ಞಾನಿಗಳು ಮಾಡಿಕೊಂಡ ಪರಿಹಾರ. ಬಯಲಿನ ತಾಣಗಳಲ್ಲಿ ಕೂಡ ಬಿಸಿಲಿನಿಂದ ಬಂದ ಶಕ್ತಿಯ ಲೆಕ್ಕ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಕೂಡಿಬರುವುದಿಲ್ಲ ಎಂದು ಅವರೇ ಒಪ್ಪಿ ಬರೆದಿದ್ದಾರೆ. ತನ್ನ ಕೊರತೆಯನ್ನು ತಾನೇ ಹೇಳುವ ಲೆಕ್ಕವನ್ನು ನಾವು ನಂಬಬಹುದು. ಕೊರತೆಯೇ ಇಲ್ಲವೆನ್ನುವ ಕಾಗದ ಕೈಗೆ ಬಂದಾಗ ಎಚ್ಚರ ವಹಿಸಬೇಕು.

ನಾವು ಮಾಡಬಹುದಾದದ್ದು

ಗೋಪುರ ನಿಲ್ಲಿಸುವ ಶಕ್ತಿ ಹಳ್ಳಿಗೆ ಇಲ್ಲ. ಆದರೆ ಬೆಟ್ಟದಲ್ಲಿ ಗೋಪುರ ತಡವರಿಸುವ ಕಡೆಯೇ ನೆಲದ ಮೇಲಿನ ಸರಳ ಅಳತೆಗಳಿಗೆ ಬೆಲೆ ಹೆಚ್ಚು. ಅಂಥ ಕೆಲವನ್ನು ಹೇಳುತ್ತೇನೆ.

ಕಾನಿನಲ್ಲಿ, ಸೊಪ್ಪಿನಬೆಟ್ಟದಲ್ಲಿ, ನೆಡುತೋಪಿನಲ್ಲಿ ಒಂದೊಂದು ತುಂಡು ನೆಲವನ್ನು ಗುರುತಿಸಿಕೊಳ್ಳಿ. ಅಲ್ಲಿನ ಮರಗಳಿಗೆ ಸಂಖ್ಯೆ ಕೊಟ್ಟು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆಯನ್ನು ಪ್ರತಿವರ್ಷ ಒಂದೇ ತಿಂಗಳಲ್ಲಿ ಬರೆದಿಡಿ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೆಂಬುದು ನೆನಪಿರಲಿ. ಒಂದು ಚದರ ಮೀಟರ್ ಅಗಲದ ಬಲೆಯ ತೊಟ್ಟಿಲು ಕಟ್ಟಿ ಅದರಲ್ಲಿ ಬಿದ್ದ ಎಲೆಯನ್ನು ಹದಿನೈದು ದಿನಕ್ಕೊಮ್ಮೆ ಒಣಗಿಸಿ ತೂಗಿ. ಮಣ್ಣಿನ ಉಸಿರನ್ನು ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಅಧ್ಯಾಪಕರ ಮಾರ್ಗದರ್ಶನದಲ್ಲಿ ಅಳೆಯಬಹುದು: ಕವುಚಿದ ಡಬ್ಬಿಯ ಕೆಳಗೆ ಕ್ಷಾರದ ದ್ರಾವಣವಿಟ್ಟು, ಅದು ಹೀರಿದ ಇಂಗಾಲದ ಡೈಆಕ್ಸೈಡನ್ನು ಟೈಟ್ರೇಶನ್‌ನಿಂದ ಕಂಡುಹಿಡಿಯುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ.

ಇನ್ನು ನೀರು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ 8.30ಕ್ಕೆ, ದಿನವೂ ಮಳೆಯನ್ನು ಬರೆದಿಡಿ. ಮೂರೂ ಬಗೆಯ ನೆಲದ ಕೆಳಗಿನ ಅಬ್ಬಿಗಳಲ್ಲಿ ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ದೀಪಾವಳಿಯಿಂದ ಮೇ ಕೊನೆಯವರೆಗೆ ವಾರಕ್ಕೊಮ್ಮೆ ನೋಡಿ. ಯಾವ ಅಬ್ಬಿ ಯಾವ ವಾರ ಬತ್ತಿತು ಎಂಬ ಹತ್ತು ವರ್ಷದ ದಾಖಲೆ ಗ್ರಾಮ ಪಂಚಾಯಿತಿಯಲ್ಲಿದ್ದರೆ, ನಾಳೆ ಯೋಜನೆಯ ಕಾಗದ ಹಿಡಿದು ಬಂದವರೊಡನೆ ನಾವು ಸರಿಸಮನಾಗಿ ಕುಳಿತು ಮಾತಾಡಬಹುದು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಈ ದಾಖಲೆಗೆ ತಕ್ಕ ಜಾಗ.

ಹಾಗೆ ಬಂದವರಿಗೆ ಕೇಳಲು ನಾಲ್ಕು ಪ್ರಶ್ನೆಗಳನ್ನು ಬರೆದುಕೊಳ್ಳಿ. ಗಿಡ ನೆಡುವ ಈ ನೆಲದಲ್ಲಿ ಈಗೇನಿದೆ, ಅದರ ಮಣ್ಣಿನಲ್ಲಿರುವ ಇಂಗಾಲವನ್ನು ಅಳೆದಿದ್ದೀರಾ? ಗುಂಡಿ ತೋಡಿ, ಪೊದೆ ಕಡಿದಾಗ ಹೊರಹೋಗುವ ಇಂಗಾಲವನ್ನು ಖರ್ಚಿಗೆ ಹಾಕಿದ್ದೀರಾ? ಬರ ಬಂದರೆ, ಬೆಂಕಿ ಬಿದ್ದರೆ ಆ ನಷ್ಟ ಯಾರದು? ಕೆಳಗಿನ ಹಳ್ಳದ ಬೇಸಿಗೆಯ ಹರಿವಿಗೆ ಏನಾಗುತ್ತದೆ? ಉತ್ತರ ಬಂದರೆ ಒಳ್ಳೆಯದು. ಬಾರದಿದ್ದರೆ, ಗ್ರಾಮಸಭೆಯ ನಡಾವಳಿಯಲ್ಲಿ ಪ್ರಶ್ನೆಯನ್ನೂ ಉತ್ತರ ಬರಲಿಲ್ಲವೆಂಬುದನ್ನೂ ದಾಖಲಿಸಿರಿ.

ವಿದ್ಯಾರ್ಥಿ ಮಿತ್ರರೇ, ಕಡಿದಾದ ಬೆಟ್ಟದ ಕಾಡಿನ ಉಸಿರನ್ನು ತಪ್ಪಿಲ್ಲದೆ ಅಳೆಯುವ ವಿದ್ಯೆ ಇನ್ನೂ ಪೂರ್ಣವಾಗಿಲ್ಲ. ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರ ಓದುತ್ತಿರುವ ನಿಮಗೆ ಅಲ್ಲಿ ಮಾಡಲು ಕೆಲಸವಿದೆ. ಯಾವ ಕಣಿವೆಯಲ್ಲಿ ಯಾವ ಹೊತ್ತಿಗೆ ತಂಪು ಗಾಳಿ ಇಳಿಯುತ್ತದೆ ಎಂಬುದನ್ನು ನಿಮ್ಮ ಅಜ್ಜ ಅಜ್ಜಿಯರು ಬಲ್ಲರು. ಅವರನ್ನು ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಆರಂಭವಾದಂತೆ. ಈ ಶಿಬಿರ ಮುಗಿಯುವ ಮುನ್ನ ಪ್ರತಿ ಊರಿನ ತಂಡವೂ ತನ್ನ ಮೂರು ತುಂಡು ನೆಲ ಮತ್ತು ಮೂರು ಅಬ್ಬಿಗಳ ಹೆಸರನ್ನು ಬರೆದುಕೊಡಬೇಕೆಂದು ಕೋರುತ್ತೇನೆ. ಮೊದಲ ವರ್ಷದ ಅಂಕಿಗಳನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ.